ನಿಂತರೆ ಕೆಡುವ ಕಾರು, ನಿಲ್ಲದ ಮಳೆ

(ಕೊಡಗಿನ ಗೋಣಿಕೊಪ್ಪದಲ್ಲಿ ಕಾರು ಹುಚ್ಚಿನವರೆಲ್ಲ ಸೇರಿದ್ದ ಒಂದು ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಕೆಲವನ್ನಷ್ಟೇ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊರಗೆ ನಿಂತಿರುವ ಗಾಡಿಗಳನ್ನು ನೋಡಿಕೊಂಡೇ ಒಳಗೆ ಬಂದೆ. ಜೀಪುಗಳೇ ಜಾಸ್ತಿ. ಅದರಲ್ಲಿ ಕೆಲವು ನನಗಿಂತ ದೊಡ್ಡ ವಯಸ್ಸಿನವು. ಕೊಡಗಿನಲ್ಲಿ ಗಾಡಿ ಅಂದರೆ ಅದು ಗೊಬ್ಬರದ ಮೂಟೆ ಹೊರಬೇಕು, ಆಳುಗಳನ್ನು ತೋಟಕ್ಕೆ ಬಿಡಬೇಕು, ಮದುವೆಗೂ ಹೋಗಬೇಕು, ಆಸ್ಪತ್ರೆಗೂ ಓಡಬೇಕು. ಇಂಥ ಊರಲ್ಲಿ ಎರಡೇ ಸೀಟಿನ ಒಂದು ಸ್ಪೋರ್ಟ್ಸ್ ಕಾರು ಕಟ್ಟಿಕೊಂಡವನಿಗೆ ತಲೆ ಸರಿ ಇದೆಯಾ ಅಂತ ನಿಮ್ಮಲ್ಲಿ ಯಾರಾದರೂ ಯೋಚಿಸುತ್ತಿದ್ದರೆ, ಆ ಪ್ರಶ್ನೆ ನಮ್ಮ ಮನೆಯಲ್ಲಿ ಆಗಲೇ ಬಂದು ಹೋಗಿದೆ.

ಕಾರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಆ ಕಂಪನಿ ಒಳ್ಳೆಯದಾ ಕೆಟ್ಟದ್ದಾ ಅನ್ನುವುದರ ಸುತ್ತಲೇ ಸುತ್ತುತ್ತದೆ. ಯುರೋಪಿನದು, ಹೊಸದಲ್ಲ, ಎಂಜಿನ್ ಬೆನ್ನ ಹಿಂದಿದೆ, ಗೇರು ಕೈಯಲ್ಲೇ ಹಾಕಬೇಕು. ಇವತ್ತಿಗೆ ಇಷ್ಟು ಸಾಕು.

ಈ ಕಾರುಗಳ ಬಗ್ಗೆ ಎಲ್ಲರೂ ಕೇಳುವುದು ಒಂದೇ, ಎಷ್ಟು ಸ್ಪೀಡು ಹೋಗುತ್ತದೆ ಅಂತ. ನಾನು ಹೇಳಲು ಬಂದಿರುವುದು ಅದರ ಉಲ್ಟಾ. ಈ ಕಾರುಗಳಿಗೆ ಓಡುವುದು ಕಷ್ಟವಲ್ಲ, ನಿಲ್ಲುವುದೇ ಕಷ್ಟ. ಓಡುತ್ತಿದ್ದರೆ ಆರಾಮಾಗಿರುತ್ತವೆ, ನಿಲ್ಲಿಸಿಟ್ಟರೆ ಕೆಡುತ್ತವೆ. ನಮ್ಮ ಕೊಡಗಿನಲ್ಲಿ ಜೂನ್ ಬಂತು ಅಂದರೆ ನಿಲ್ಲಿಸಿಡದೆ ಬೇರೆ ದಾರಿಯಿಲ್ಲ. ಇದರ ಸುಖ ಇರುವುದು ರಸ್ತೆಯಲ್ಲಿ, ದುಃಖ ಪೂರ್ತಿ ಶೆಡ್ಡಿನಲ್ಲಿ.

ಸುಖದಿಂದಲೇ ಶುರು ಮಾಡುತ್ತೇನೆ, ಅದು ಚಿಕ್ಕದು.

ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿರುತ್ತದಲ್ಲ, ಆ ವಾರದ ಒಂದು ಬೆಳಿಗ್ಗೆ. ಮೂರ್ನಾಡಿನಿಂದ ನಾಪೋಕ್ಲು ಮೇಲೆ ಭಾಗಮಂಡಲದ ಕಡೆಗೆ. ರಸ್ತೆ ಒಣಗಿದೆ, ಬಸ್ಸುಗಳು ಇನ್ನೂ ಹೊರಟಿಲ್ಲ, ಗಾಜು ಇಳಿಸಿದ್ದೇನೆ. ಮೀಟರ್ ನೋಡಿದರೆ ಐವತ್ತು ಕಿಲೋಮೀಟರ್. ನಿಮ್ಮ ಜೀಪು ಕೂಡ ಅಷ್ಟು ಹೋಗುತ್ತದೆ. ಆದರೆ ಸ್ಟಿಯರಿಂಗ್ ಹಿಡಿದ ಕೈಗೆ ರಸ್ತೆಯ ಸುದ್ದಿಯೆಲ್ಲ ಬರುತ್ತಿರುತ್ತದೆ. ಹಳೆ ಟಾರು ಮುಗಿದು ಹೊಸ ಟಾರು ಶುರುವಾಗಿದ್ದು, ಬಿಳಿ ಪಟ್ಟೆಯ ಮೇಲೆ ಚಕ್ರ ಹತ್ತಿದ್ದು, ತಿರುವಿನಲ್ಲಿ ಒಂದು ಕಡೆ ನೆಲ ಸ್ವಲ್ಪ ತೇವ ಇದ್ದದ್ದು. ಎಂಜಿನ್ ಬೆನ್ನಿಗೆ ಹತ್ತಿಕೊಂಡೇ ಇರುವುದರಿಂದ ಮೂಗಿನ ಕಡೆ ಭಾರ ಇಲ್ಲ. ತಿರುಗಿಸಬೇಕು ಅಂತ ಯೋಚನೆ ಬಂದಷ್ಟರಲ್ಲಿ ಕಾರು ತಿರುಗಿರುತ್ತದೆ. ಭಾರವೆಲ್ಲ ಎರಡು ಆಕ್ಸಲಿನ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ, ನಡುವೆ ಇರುವುದರಿಂದ ಹೀಗೆ. ಪುಸ್ತಕದಲ್ಲಿ ಓದಿದಾಗ ಒಂದು ಸಾಲಿನ ವಿಷಯ. ಎಸ್ ತಿರುವಿನಲ್ಲಿ ಅನುಭವಿಸಿದರೆ ಆಮೇಲೆ ಬೇರೆ ಕಾರು ಓಡಿಸುವಾಗ ಏನೋ ಕಮ್ಮಿ ಅನ್ನಿಸುತ್ತದೆ.

ಅದೇ ಗುಣಕ್ಕೆ ಒಂದು ಬೆಲೆಯೂ ಇದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ಪಕ್ಕನೆ ತೆಗೆದರೆ ಭಾರ ಮುಂದಕ್ಕೆ ಹೋಗುತ್ತದೆ, ಹಿಂದಿನ ಚಕ್ರ ಹಿಡಿತ ಬಿಡುತ್ತದೆ, ಬಾಲ ಸುತ್ತಿಕೊಂಡು ಬರುತ್ತದೆ. ಒಣ ರಸ್ತೆಯಲ್ಲಿ ಅದು ಸುಲಭಕ್ಕೆ ಆಗುವುದಿಲ್ಲ. ನಮ್ಮ ರಸ್ತೆಗಳಲ್ಲಿ ಸಿಲ್ವರ್ ಓಕಿನ ಎಲೆ ಬಿದ್ದಿರುತ್ತದೆ, ಕೊಯ್ಲಿನ ಕಾಲಕ್ಕೆ ಟ್ರ್ಯಾಕ್ಟರ್ ಚಕ್ರದ ಕೆಸರು ಬಿದ್ದಿರುತ್ತದೆ. ಅಲ್ಲಿ ಆಗುತ್ತದೆ. ಹಾಗಾಗಿ ಇಲ್ಲಿ ಇಂಥ ಕಾರು ಓಡಿಸುವವನು ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನಲ್ಲಿ ಕಾಲು ಸಮನಾಗಿ ಇಟ್ಟುಕೊಂಡು ಹೋಗುವುದನ್ನು ಕಲಿಯಲೇಬೇಕು. ಗದ್ದೆಯ ಕೆಸರಿನಲ್ಲಿ ಆಟೋಕ್ರಾಸ್ ಕಾರ್ ರೇಸ್ ಓಡಿಸಿದ ಹುಡುಗರು ಇಲ್ಲಿ ಕೂತಿದ್ದಾರೆ, ಅವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ.

ಇನ್ನು ಸ್ಪೀಡಿನ ಮಾತು. ನನ್ನ ಕಾರು ಎರಡನೇ ಗೇರಿನಲ್ಲೇ ನೂರು ಮುಟ್ಟುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ಶುರುವಾದಾಗ ಗೆಳೆಯರೆಲ್ಲ ನಿನ್ನ ಕಾರಿಗೆ ಇನ್ನು ಹಬ್ಬ ಅಂದರು. ಅಲ್ಲಿ ಮಿತಿ ನೂರು, ಮೇಲೆ ಕ್ಯಾಮೆರಾ. ಅಂದರೆ ಎರಡು ಗೇರಿನಲ್ಲಿ ಮುಗಿದು ಹೋಗುವ ರಸ್ತೆ. ಮಿಕ್ಕ ಗೇರುಗಳು ಪೆಟ್ರೋಲ್ ಉಳಿಸುವುದಕ್ಕೆ. ನೇರ ರಸ್ತೆಯಲ್ಲಿ ಈ ಕಾರು ಬೋರು ಹೊಡೆಸುತ್ತದೆ, ನಿಜವಾಗಿ. ಅದಕ್ಕೇ ನಾನು ಯಾರಿಗಾದರೂ ಹೇಳುವುದು, ಕುದುರೆಶಕ್ತಿಗೆ ದುಡ್ಡು ಹಾಕಬೇಡಿ. ಹಗುರ ಇರುವ, ಚಿಕ್ಕ ಎಂಜಿನ್ನಿನ ಕಾರು ತಗೊಳ್ಳಿ. ಆರುನೂರು ಕುದುರೆಯ ಕಾರನ್ನು ಮಾಕುಟ್ಟ ಘಾಟಿಯಲ್ಲಿ ಓಡಿಸುವುದು ಅಂದರೆ ದಾರಿ ಪೂರ್ತಿ ಬ್ರೇಕ್ ಮೇಲೆ ಕಾಲಿಟ್ಟು ಕೂರುವುದು.

ಸುಖ ಮುಗಿಯಿತು. ಈಗ ಜೂನ್.

ಮಡಿಕೇರಿಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಈ ಮಳೆಯಲ್ಲಿ ಸ್ಪೋರ್ಟ್ಸ್ ಕಾರು ಯಾಕೆ ಓಡಿಸಬಾರದು ಅಂತ ಕೇಳುತ್ತಾರೆ, ಮಳೆ ಬರುವ ದೇಶದಲ್ಲೇ ಮಾಡಿದ್ದಲ್ವಾ ಅಂತ. ಸರಿ. ಆದರೆ ಟೈರು ನೋಡಿ. ಹಿಂದಿನ ಟೈರು ಅಂಗೈ ಮೇಲೆ ಅಂಗೈ ಇಟ್ಟು ಅಳೆಯುವಷ್ಟು ಅಗಲ. ಕಾರು ಹಗುರ. ಅಗಲದ ಟೈರು, ಹಗುರದ ಕಾರು, ಇವೆರಡೂ ಸೇರಿದರೆ ನಿಂತ ನೀರಿನ ಮೇಲೆ ಟೈರು ಬೇಗ ತೇಲುತ್ತದೆ. ತೇಲಿದ ಮೇಲೆ ಸ್ಟಿಯರಿಂಗ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಜೊತೆಗೆ ನೀರು ತುಂಬಿದ ಗುಂಡಿಯ ಆಳ ಯಾರಿಗೂ ಕಾಣುವುದಿಲ್ಲ. ರಿಮ್ಮಿಗೂ ನೆಲಕ್ಕೂ ನಡುವೆ ಇರುವ ರಬ್ಬರ್ ಎಂಟೊಂಬತ್ತು ಸೆಂಟಿಮೀಟರ್ ಅಷ್ಟೇ. ಗುಂಡಿಗೆ ಬಿದ್ದರೆ ಟೈರ್ ಜೊತೆಗೆ ರಿಮ್ಮೂ ಹೋಗುತ್ತದೆ. ಸ್ಟೆಪ್ನಿ ಇಲ್ಲ. ಅದರ ಬದಲು ಒಂದು ಬಾಟಲಿ ಅಂಟು, ಒಂದು ಚಿಕ್ಕ ಕಂಪ್ರೆಸರ್ ಕೊಟ್ಟಿರುತ್ತಾರೆ. ಮೊಳೆ ಚುಚ್ಚಿದರೆ ಆ ಅಂಟು ಸಾಕು. ಟೈರಿನ ಪಕ್ಕ ಹರಿದರೆ ಅದನ್ನು ಹಾಕುವುದೂ ದಂಡ.

ಇನ್ನು ರಸ್ತೆಗಳೇ ಉಳಿಯುತ್ತವಾ ಅನ್ನೋದು ಬೇರೆ. ಮಳೆಗೆ ಗುಡ್ಡಗಳು ಕುಸಿದ 2018ರ ಆಗಸ್ಟ್ ನಿಮಗೆಲ್ಲ ನೆನಪಿದೆ. ಮಡಿಕೇರಿ–ಸಂಪಾಜೆ ರಸ್ತೆಯೇ ಜರಿದು ಹೋಗಿತ್ತು. ಆ ವರ್ಷ ಯಾರ ಕಾರು ಎಲ್ಲಿದೆ ಅಂತ ಯೋಚಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ, ಆ ಮಾತು ಇಲ್ಲಿಗೇ ಬಿಡುತ್ತೇನೆ.

ಸರಿ, ಕಾರನ್ನು ಶೆಡ್ಡಿಗೆ ಹಾಕಿದಿರಿ ಅಂತ ಇಟ್ಟುಕೊಳ್ಳಿ. ಏನಾಗುತ್ತದೆ?

ಮೊದಲು ಬ್ರೇಕ್. ಒಂದೇ ರಾತ್ರಿಯಲ್ಲಿ ಡಿಸ್ಕಿನ ಮೇಲೆ ಕೆಂಪು ತುಕ್ಕು. ಅದು ಪರವಾಗಿಲ್ಲ, ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ಆದರೆ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ಬಿಟ್ಟರೆ ಹಿಂದಿನ ಚಕ್ರ ಹಿಡಿದುಕೊಂಡು ಬಿಡುತ್ತದೆ. ಅದಕ್ಕೆ ಹ್ಯಾಂಡ್‌ಬ್ರೇಕ್ ಬೇಡ. ಗೇರಿನಲ್ಲಿ ಬಿಡಿ, ಚಕ್ರದ ಹಿಂದೆ ಮುಂದೆ ಮರದ ತುಂಡು ಕೊಡಿ. ಆಮೇಲೆ ಸೀಟು. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟಿನ ಮಳೆಯಲ್ಲಿ, ನಮ್ಮ ಮನೆಗಳಲ್ಲಿ ಚಪ್ಪಲಿ, ಬೆಲ್ಟು, ಬೀರುವಿನ ಕೋಟು, ಎಲ್ಲದರ ಮೇಲೂ ಬೂಷ್ಟು ಬರುತ್ತದಲ್ವಾ, ಇದು ಪೂರ್ತಿ ಚರ್ಮದ ಸೀಟು. ಸ್ಟಿಯರಿಂಗಿಗೂ ಚರ್ಮ, ಗೇರಿಗೂ ಚರ್ಮ. ಹತ್ತು ದಿನ ಬಾಗಿಲು ತೆಗೆಯದಿದ್ದರೆ ಒಳಗೆಲ್ಲ ಬಿಳಿ ಪುಡಿ ಉದುರಿಸಿದ ಹಾಗಿರುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಇನ್ನೂ ಕೆಟ್ಟದ್ದು, ತೇವ ಒಳಗೇ ಉಳಿಯುತ್ತದೆ. ಬಟ್ಟೆ ಹೊದಿಕೆ ಹಾಕಿ, ಗಾಜು ಒಂದು ಬೆರಳು ಇಳಿಸಿ, ಒಳಗೆ ಇದ್ದಿಲು ಇಡುತ್ತೇನೆ. ಗಾಜು ಇಳಿಸಿದರೆ ಇಲಿ ಬರುತ್ತದೆ. ಅದಕ್ಕೆ ಬಲೆ. ಇಲಿಗೆ ವೈರ್ ಅಂದರೆ ಏನು ಪ್ರೀತಿಯೋ ಗೊತ್ತಿಲ್ಲ, ಅದರಲ್ಲೂ ದುಬಾರಿ ವೈರ್.

ಬ್ಯಾಟರಿಯ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಈ ಕಾರುಗಳು ನಿಂತಿದ್ದರೂ ಪೂರ್ತಿ ಮಲಗುವುದಿಲ್ಲ. ಅಲಾರಂ, ಕೀಲಿಯ ಸಿಗ್ನಲ್ಲಿಗೆ ಕಾಯುವ ಪೆಟ್ಟಿಗೆ, ಕಂಪ್ಯೂಟರುಗಳು ಎಲ್ಲವೂ ಸ್ವಲ್ಪ ಸ್ವಲ್ಪ ಕರೆಂಟು ಕುಡಿಯುತ್ತಲೇ ಇರುತ್ತವೆ. ಕೆಲವು ವಾರದಲ್ಲಿ ಬ್ಯಾಟರಿ ಖಾಲಿ. ಹೊರದೇಶದವರು ಇದಕ್ಕೆ ಒಂದು ಚಿಕ್ಕ ಚಾರ್ಜರ್ ಮಾಡಿದ್ದಾರೆ, ಗೋಡೆಗೆ ಚುಚ್ಚಿ ಬಿಟ್ಟರೆ ತಾನೇ ನೋಡಿಕೊಳ್ಳುತ್ತದೆ. ಒಳ್ಳೆಯ ಯೋಚನೆ. ಗೋಡೆಯಲ್ಲಿ ಕರೆಂಟು ಇರಬೇಕು ಅಷ್ಟೇ. ಜುಲೈಯಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಮ್ಮ ಕಡೆ ಎಷ್ಟು ದಿನ ಕರೆಂಟು ಇರುವುದಿಲ್ಲ ಅನ್ನೋದು ನಿಮಗೆ ಗೊತ್ತು.

ಹಾಗೆ ಒಂದು ಮಳೆಗಾಲ ಬ್ಯಾಟರಿ ಪೂರ್ತಿ ಸತ್ತಿತು. ಕೀಲಿ ಒತ್ತಿದರೆ ಮಾತಿಲ್ಲ. ಕೀಲಿಯೊಳಗಿನ ಸಣ್ಣ ಕಬ್ಬಿಣದ ಕೀಲಿ ಎಳೆದು ಬಾಗಿಲು ತೆಗೆದೆ. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ. ಆ ಡಿಕ್ಕಿಯ ಲಾಕು ತೆಗೆಯುವುದು ಕರೆಂಟಿನಿಂದ. ಕರೆಂಟು ಇರುವುದು ಬ್ಯಾಟರಿಯಲ್ಲಿ. ಇದನ್ನು ಯೋಚಿಸಿ ಮಾಡಿದ ಇಂಜಿನಿಯರನ್ನು ನಮ್ಮ ತೋಟದ ಆಳುಗಳ ಲೈನ್‌ಮನೆಯ ಹತ್ತಿರ ಒಂದು ಮಳೆಗಾಲ ಇರಿಸಬೇಕು ಅನ್ನಿಸಿತು. ದಾರಿ ಇದೆ, ಕೈಪಿಡಿಯಲ್ಲಿ ಬರೆದಿದ್ದಾರೆ. ಡ್ರೈವರ್ ಕಾಲ ಹತ್ತಿರ ಫ್ಯೂಸ್ ಪೆಟ್ಟಿಗೆ. ಅದರೊಳಗೆ ಎಳೆದರೆ ಹೊರಗೆ ಬರುವ ಒಂದು ಲೋಹದ ನಾಲಿಗೆ. ತೋಟದ ಜೀಪನ್ನು ಹಿಮ್ಮುಖವಾಗಿ ಶೆಡ್ಡಿಗೆ ತಂದು, ಅದರ ಬ್ಯಾಟರಿ ಬಿಚ್ಚಿ ಮಣೆ ಮೇಲೆ ಇಟ್ಟು, ಕೆಂಪು ತಂತಿ ಆ ನಾಲಿಗೆಗೆ, ಕಪ್ಪು ತಂತಿ ಬಾಗಿಲಿನ ಕೊಂಡಿಗೆ. ಟಾರ್ಚು ಬಾಯಲ್ಲಿ, ತಲೆ ಪೆಡಲುಗಳ ಹತ್ತಿರ, ಕಾಲು ಶೆಡ್ಡಿನ ಹೊರಗೆ ಮಳೆಯಲ್ಲಿ. ತಂತಿ ತಾಗಿದ ಕೂಡಲೇ ಅಲಾರಂ ಬಾಯಿ ಬಿಟ್ಟು ಕಿರುಚಿತು. ನಾಯಿಗಳೆಲ್ಲ ಎದ್ದವು. ತೋಟದ ಲೆಕ್ಕ ನೋಡುವ ನಮ್ಮ ರೈಟರ್ ಆನೆ ಬಂತೇನೋ ಅಂತ ಪಟಾಕಿ ಹಿಡಿದು ಓಡಿ ಬಂದ. ಆ ಗದ್ದಲದ ನಡುವೆ ಮುಂದೆ 'ಟಕ್' ಅಂತ ಒಂದು ಸದ್ದು, ಡಿಕ್ಕಿ ತೆರೆಯಿತು. ಆಮೇಲೆ ನಾನು ಮಾಡಿದ ಮೊದಲ ಕೆಲಸ ಡಿಕ್ಕಿಯ ಲಾಕಿಗೆ ಒಂದು ಬೈಂಡಿಂಗ್ ತಂತಿ ಕಟ್ಟಿ, ಅದರ ತುದಿಯನ್ನು ಚಕ್ರದ ಮೇಲಿನ ಮಡ್ಗಾರ್ಡಿನ ಒಳಗೆ ಕಾಣದ ಹಾಗೆ ಬಿಟ್ಟದ್ದು. ಸರ್ವಿಸ್ಸಿನವರು ನೋಡಿ ಮುಖ ಕಿವುಚಿದರು. ತಂತಿ ಇನ್ನೂ ಇದೆ.

ಪೆಟ್ರೋಲೂ ನಿಂತರೆ ಕೆಡುತ್ತದೆ. ಈಗ ಹೆಚ್ಚುಕಮ್ಮಿ ಎಲ್ಲ ಬಂಕಿನ ಪೆಟ್ರೋಲಿನಲ್ಲೂ ಇಪ್ಪತ್ತು ಪರ್ಸೆಂಟ್ ತನಕ ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿ ಸೇರಿದರೆ ಅದು ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಪಂಪು ಮೊದಲು ಹೀರುವುದು ತಳದಿಂದಲೇ. ಹಳೆಯ ಕಾರಿನ ರಬ್ಬರ್ ಪೈಪುಗಳನ್ನು ಎಥೆನಾಲ್ ಬರುತ್ತದೆ ಅಂತ ಯೋಚಿಸಿ ಮಾಡಿಲ್ಲ. ಟ್ಯಾಂಕ್ ತುಂಬಿಸಿಟ್ಟರೆ ಒಳಗೆ ಗಾಳಿಗೆ ಜಾಗ ಕಡಿಮೆ, ತೇವವೂ ಕಡಿಮೆ. ಅಷ್ಟು ಮಾಡಬಹುದು.

ಇದಕ್ಕೆಲ್ಲ ನಾನು ಕೊನೆಗೆ ಕಂಡುಕೊಂಡ ಉಪಾಯ ಕುಶಾಲನಗರ. ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್ ಅಷ್ಟೇ. ಆದರೆ ಮಡಿಕೇರಿಯಲ್ಲಿ ಬೀಳುವ ಮಳೆಯ ಅರ್ಧವೂ ಅಲ್ಲಿಲ್ಲ. ಬೈಲುಸೀಮೆಯ ಗಾಳಿ, ಒಣ ನೆಲ. ಅಲ್ಲಿ ಗೆಳೆಯರೊಬ್ಬರ ಮನೆಯ ಕೆಳಗೆ ಒಂದು ಗ್ಯಾರೇಜು. ಜೂನ್ ಮೊದಲ ವಾರ ಕಾರನ್ನು ಅಲ್ಲಿಗೆ ಬಿಟ್ಟರೆ ದಸರೆಗೆ ವಾಪಸ್. ನಡುವೆ ಬಿಸಿಲು ಬಂದ ದಿನ ಹೋಗಿ ಪಿರಿಯಾಪಟ್ಟಣದವರೆಗೆ ಓಡಿಸಿ ಬರುತ್ತೇನೆ. ಸುಮ್ನೆ ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವವರಿದ್ದಾರೆ. ಅದು ಬೇಡ. ಆಯಿಲ್ ಬಿಸಿಯಾಗುವುದಿಲ್ಲ, ಸೈಲೆನ್ಸರಿನಲ್ಲಿ ನೀರು ಉಳಿಯುತ್ತದೆ, ಬ್ಯಾಟರಿಯೂ ತುಂಬುವುದಿಲ್ಲ. ಓಡಿಸಿದರೆ ಅರ್ಧ ಗಂಟೆ ಓಡಿಸಿ, ಇಲ್ಲದಿದ್ದರೆ ಮುಟ್ಟಬೇಡಿ.

ಹಂಪುಗಳ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ರಸ್ತೆ ಹೇಗಿರಬೇಕು ಅಂತ ಅಳತೆ ಹಾಕಿಕೊಡುವ ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಹಾಗಿದ್ದರೆ ನನ್ನ ಕಾರು ನಿಧಾನಕ್ಕೆ ದಾಟುತ್ತದೆ. ನಮ್ಮೂರಲ್ಲಿ ಒಂದು ಅಪಘಾತ ಆದ ಮರುದಿನ ಜನ ಸೇರಿ ಹಾಕುವ ಹಂಪಿಗೆ ಆ ಲೆಕ್ಕ ತಿಳಿಯದು. ಅಗಲ ಒಂದು ಮೊಳ, ಎತ್ತರ ಒಂದು ಗೇಣು. ಅದನ್ನು ನೇರ ಹತ್ತಿದರೆ ಮುಂದಿನ ಬಂಪರ್ ಹೋಗುತ್ತದೆ, ಬಂಪರ್ ಉಳಿದರೆ ಹೊಟ್ಟೆ ತಾಗುತ್ತದೆ. ಅದಕ್ಕೆ ಕಾರನ್ನು ಪೂರ್ತಿ ಓರೆ ಮಾಡಿ ಒಂದೊಂದೇ ಚಕ್ರ ಹತ್ತಿಸಬೇಕು. ಅಷ್ಟು ಮಾಡಲು ಎದುರಿನ ಪಕ್ಕದ ರಸ್ತೆಯೂ ನನಗೇ ಬೇಕು. ಹಿಂದೆ ಪ್ರೈವೇಟ್ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ಈಗಿನ ಹೊಸ ಕಾರುಗಳಲ್ಲಿ ಗುಂಡಿ ಒತ್ತಿದರೆ ಮೂಗು ನಾಲ್ಕು ಸೆಂಟಿಮೀಟರಿನಷ್ಟು ಮೇಲೇಳುವ ವ್ಯವಸ್ಥೆ ಬಂದಿದೆ. ಹೊಸದು ತಗೊಳ್ಳುವವರು ಸ್ಟೀರಿಯೋ ಬಿಟ್ಟರೂ ಅದನ್ನು ಬಿಡಬೇಡಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಪೂರ್ತಿ ತಯಾರಾಗಿ ಹೊರದೇಶದಿಂದ ಬರುವ ದುಬಾರಿ ಕಾರಿಗೆ ಅದರ ಬೆಲೆಯಷ್ಟೇ ಸುಂಕವೂ ಇದೆ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ದಾಟಿದ ಕಾರಿಗೆ 18 ಪರ್ಸೆಂಟ್ ರಸ್ತೆ ತೆರಿಗೆ, ಮೇಲೆ ಸೆಸ್. ಹೊರರಾಜ್ಯದ ನಂಬರ್ ಹಾಕಿಸಿ ಇಲ್ಲಿ ಓಡಿಸುವ ಉಪಾಯ ಹೇಳುವವರಿದ್ದಾರೆ. 2025ರಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ಅಂಥ ಕಾರುಗಳನ್ನು ಹಿಡಿದು ನಿಲ್ಲಿಸಿತು. ನಮ್ಮ ಮಡಿಕೇರಿಯ ಕೆಎ 12 ನಂಬರೇ ಹಾಕಿಸಿಕೊಳ್ಳಿ, ನಿದ್ದೆ ಬರುತ್ತದೆ. ಇನ್ಶೂರೆನ್ಸಿನಲ್ಲಿ ಎಂಜಿನ್ನಿಗೆ ನೀರು ನುಗ್ಗಿದರೂ ಕೊಡುವ ಕವರ್ ಸೇರಿಸಿ. ಸರ್ವಿಸ್ಸಿಗೆ ಬೆಂಗಳೂರು, ಬಿಡಿ ಭಾಗಕ್ಕೆ ಹಡಗು. ನಡುವೆ ಕೆಟ್ಟರೆ ಹಗ್ಗ ಕಟ್ಟಿ ಎಳೆಯುವ ಹಾಗಿಲ್ಲ, ಮೈಸೂರಿನಿಂದ ಹಲಗೆ ಲಾರಿಯೇ ಬರಬೇಕು. ಆ ಲಾರಿಗೆ ಹತ್ತಿಸಲು ಬಂಪರಿನ ಚಿಕ್ಕ ಮುಚ್ಚಳ ತೆಗೆದು ಅಲ್ಲಿ ಎಳೆಯುವ ಕೊಂಡಿ ತಿರುಗಿಸಿ ಕೂರಿಸಬೇಕು. ಕೆಲವು ಜರ್ಮನ್ ಕಾರುಗಳಲ್ಲಿ ಅದರ ಮರೆ, ಅಂದರೆ ಥ್ರೆಡ್ಡು, ಉಲ್ಟಾ, ಎಡಕ್ಕೆ ತಿರುಗಿಸಿದರೆ ಕೂರುತ್ತದೆ. ಲಾರಿ ಹುಡುಗ ಬಲಕ್ಕೆ ತಿರುಗಿಸಿ ಮರೆ ಹಾಳು ಮಾಡುವ ಮೊದಲು ನೀವೇ ಮಾಡಿಕೊಡಿ.

ಜನರಿಂದ ನನಗೆ ತೊಂದರೆ ಆಗಿಲ್ಲ, ಅದನ್ನು ಹೇಳಬೇಕು. ಸಿದ್ದಾಪುರ ಸಂತೆಯಲ್ಲಿ ನಿಲ್ಲಿಸಿದರೆ ಮಕ್ಕಳು ಸುತ್ತ ಸೇರುತ್ತಾರೆ. "ಅಣ್ಣಾ, ಒಂದು ರೇಸ್ ಕೊಡಿ" ಅಂತಾರೆ. ಕೊಡುವುದಿಲ್ಲ. ಆಯಿಲ್ ಬಿಸಿಯಾಗುವ ಮೊದಲು ರೇಸ್ ಕೊಟ್ಟರೆ ಎಂಜಿನ್ ಒಳಗೆ ಸವೆಯುತ್ತದೆ. ಬಿಸಿಯಾದ ಮೇಲೂ ಊರ ನಡುವೆ ಕೊಡುವುದಿಲ್ಲ. ಸೈಲೆನ್ಸರ್ ಬಿಚ್ಚಿ ರಾತ್ರಿ ರಾಜಾಸೀಟಿನ ಹತ್ತಿರ ಪಟಪಟ ಅನ್ನಿಸುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅಂಥವರಿಂದ ನಮಗೆಲ್ಲ ಕೆಟ್ಟ ಹೆಸರು. ಹಿರಿಯರು ಕೇಳುವುದು ಮೈಲೇಜು. ಏಳು ಅಂದರೆ ನಕ್ಕು, "ನಮ್ಮ ಲಾರಿ ಇದಕ್ಕಿಂತ ವಾಸಿಯಲ್ಲ" ಅಂತ ಸಮಾಧಾನ ಮಾಡುತ್ತಾರೆ.

ನಮ್ಮ ಅತ್ತೆ ಒಮ್ಮೆ ಹಠ ಮಾಡಿ ಕೂತರು. ಮೊದಲು ಕೂರಬೇಕು, ಆಮೇಲೆ ಕಾಲು ಒಳಗೆ ತಗೋಬೇಕು ಅಂತ ಹೇಳಿಕೊಟ್ಟೆ. ಸೀರೆ ಒಟ್ಟು ಮಾಡಿಕೊಂಡು ಸಲೀಸಾಗಿ ಕೂತರು. ವಿರಾಜಪೇಟೆಯಲ್ಲಿ ಇಳಿಯುವಾಗ ಆಗಲಿಲ್ಲ. ನಾನು ಒಂದು ಕೈ, ಹಣ್ಣಿನಂಗಡಿಯವರು ಒಂದು ಕೈ ಹಿಡಿದು ಎತ್ತಬೇಕಾಯಿತು. "ಕಾರು ಚೆನ್ನಾಗಿದೆ ಕಣೋ, ಆದ್ರೆ ಬಾವಿ ಇದ್ದಂಗಿದೆ" ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಬಂದರು.

ಈಗ ನಿಮ್ಮ ಪ್ರಶ್ನೆ.

(ಆನೆ ಎದುರಾದರೆ ಏನು ಮಾಡುತ್ತೀರಿ ಅಂತ ಒಬ್ಬರು ಕೇಳಿದರು.)

ಮಾಲ್ದಾರೆ, ತಿತಿಮತಿ ಕಡೆ ಸಂಜೆ ಮೇಲೆ ಈ ಕಾರು ತಗೊಂಡು ಹೋಗುವುದೇ ಇಲ್ಲ. ಹಿಂದಿನ ಗಾಜಿನಲ್ಲಿ ಎಂಜಿನ್ ಮುಚ್ಚಳ ಬಿಟ್ಟರೆ ಏನೂ ಕಾಣುವುದಿಲ್ಲ, ರಿವರ್ಸ್ ತಗೊಳ್ಳುವುದು ಅಂದಾಜಿನ ಮೇಲೆ. ಕೂತರೆ ನಮ್ಮ ಕಣ್ಣು ಆನೆಯ ಮೊಣಕಾಲಿನ ಎತ್ತರಕ್ಕೆ ಇರುತ್ತದೆ. ಅಂಥ ಕಡೆ ಜೀಪೇ ಸರಿ.

(ಜೀಪು, ಇದು, ಎರಡರಲ್ಲಿ ಒಂದು ಮಾರಬೇಕು ಅಂದರೆ?)

ಇದನ್ನೇ. ಜೀಪಿಲ್ಲದೆ ಇದನ್ನು ಇಟ್ಟುಕೊಳ್ಳುವುದಕ್ಕೇ ಆಗುವುದಿಲ್ಲ, ಬ್ಯಾಟರಿ ಯಾರು ಕೊಡುತ್ತಾರೆ?

(ಕಾಫಿಗೆ ರೇಟು ಬಂದಿದೆ, ಒಂದು ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೇನೆ, ಏನು ನೋಡಬೇಕು ಅಂತ ಕೊನೆಯಲ್ಲಿ ಒಬ್ಬ ಯುವಕ ಕೇಳಿದ.)

ಮಳೆಗಾಲದಲ್ಲಿ ಹೋಗಿ ನೋಡಿ. ಆಗ ಕೊಳ್ಳುವವರು ಕಡಿಮೆ, ಬೆಲೆಯೂ ಇಳಿಯುತ್ತದೆ. ನೀರು ಎಲ್ಲಿ ಸೋರುತ್ತದೆ, ವೈಪರ್ ಹೇಗಿದೆ, ಕಾರ್ಪೆಟ್ಟಿನ ಕೆಳಗೆ ತೇವ ಇದೆಯಾ, ಎಲ್ಲ ಗೊತ್ತಾಗುತ್ತದೆ. ಓಡಿದ ಕಿಲೋಮೀಟರ್ ಕಡಿಮೆ ಅಂತ ಖುಷಿಪಡಬೇಡಿ. ಹತ್ತು ವರ್ಷದಲ್ಲಿ ಎಂಟು ಸಾವಿರ ಓಡಿದ ಕಾರಿಗಿಂತ ವರ್ಷಕ್ಕೆ ಐದು ಸಾವಿರ ಓಡಿದ್ದು ಮೇಲು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. ಆರು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಇರಲಿ, ಹೊಸ ಟೈರಿನ ದುಡ್ಡು ಬೆಲೆಯಲ್ಲಿ ಕಳೆಯಿರಿ. ಲಿಫ್ಟಿನ ಮೇಲೆ ಎತ್ತಿಸಿ ಹೊಟ್ಟೆ ನೋಡಿ, ಹಂಪುಗಳ ಚರಿತ್ರೆಯೆಲ್ಲ ಅಲ್ಲಿ ಬರೆದಿರುತ್ತದೆ. ಕೆಲವು ಕಾರುಗಳ ಕಂಪ್ಯೂಟರಿನಲ್ಲಿ ಎಂಜಿನ್ ಮಿತಿ ಮೀರಿ ಎಷ್ಟು ಸಲ ತಿರುಗಿದೆ ಅನ್ನುವ ಲೆಕ್ಕ ಉಳಿದಿರುತ್ತದೆ, ಅದನ್ನು ಓದಿಸಿ. ಎಲ್ಲಕ್ಕಿಂತ ಮುಖ್ಯ, ತಣ್ಣಗಿರುವ ಎಂಜಿನ್ ನಿಮ್ಮ ಎದುರೇ ಸ್ಟಾರ್ಟ್ ಆಗಬೇಕು. ಎಂಜಿನ್ನೊಳಗಿನ ಸರಪಳಿಯ ಸದ್ದು, ನೀಲಿ ಹೊಗೆ, ಒಳಗಿನ ಕಟಕಟ, ಎಲ್ಲ ಕೇಳುವುದು ಕಾಣುವುದು ಆ ಮೊದಲ ಒಂದು ನಿಮಿಷದಲ್ಲಿ. ನೀವು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿದ್ದು, "ಸಾರ್, ನೀವು ಕಾಯಬಾರದು ಅಂತ ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದೇನೆ" ಅಂದರೆ, ಅವರು ಕೊಟ್ಟ ಕಾಫಿ ಕುಡಿದು, ಇನ್ನೊಂದು ದಿನ ಬೆಳಿಗ್ಗೆ ಹೇಳದೆ ಹೋಗಿ.